ವಿದ್ಯುತ್ ಕಾರಿನ ಬಳಕೆ ಮತ್ತು ನಿರ್ವಹಣೆ (ಕರ್ನಾಟಕ)

ವಿದ್ಯುತ್ ಕಾರು ಎಂದರೆ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಇಲ್ಲದೆ, ಬ್ಯಾಟರಿಯಲ್ಲಿ ಸಂಗ್ರಹಿಸಿದ ವಿದ್ಯುತ್ತಿನಿಂದ ಮೋಟಾರನ್ನು ತಿರುಗಿಸಿ ಚಲಿಸುವ ಕಾರು. ಕರ್ನಾಟಕದಲ್ಲಿ ಇಂತಹ ಕಾರುಗಳು 2001ರಿಂದಲೂ ರಸ್ತೆಯ ಮೇಲಿವೆ. ಪ್ರಸ್ತುತ ಲೇಖನವು ಕಾರಿನ ತಾಂತ್ರಿಕ ರಚನೆಗಿಂತ ಹೆಚ್ಚಾಗಿ ಅದನ್ನು ಕೊಂಡವರು ದಿನನಿತ್ಯ ಎದುರಿಸುವ ಸಮಸ್ಯೆಗಳನ್ನು ಕುರಿತದ್ದು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಮಹಾನಗರದ ಹೊರಗೆ, ಸಣ್ಣ ಊರು ಮತ್ತು ತೋಟದ ಮನೆಗಳಲ್ಲಿ ಈ ಕಾರನ್ನು ಇಟ್ಟುಕೊಳ್ಳುವಾಗ ಎದುರಾಗುವ ಪ್ರಶ್ನೆಗಳು ಬೆಂಗಳೂರಿನ ಬಹುಮಹಡಿ ವಸತಿಗಳ ಪ್ರಶ್ನೆಗಳಿಗಿಂತ ಭಿನ್ನವಾಗಿವೆ.

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ "ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ?" ಎಂಬುದು. ಆದರೆ ಮೊದಲು ಕೇಳಬೇಕಾದುದು "ನಮ್ಮ ಮನೆಯ ಕರೆಂಟು ಇದನ್ನು ತಡೆಯುತ್ತದೆಯೇ?" ಎಂಬ ಪ್ರಶ್ನೆ.

ಹಿನ್ನೆಲೆ

ಭಾರತದ ವಿದ್ಯುತ್ ಕಾರಿನ ಇತಿಹಾಸದಲ್ಲಿ ಬೆಂಗಳೂರಿನ ರೇವಾ ಕಾರಿಗೆ ಮುಖ್ಯ ಸ್ಥಾನವಿದೆ. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಆರಂಭಿಸಿದವು. ಇದರ ಹಿಂದಿನ ಪ್ರೇರಕ ಶಕ್ತಿ ಚೇತನ್ ಮೈನಿ. ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೌರಶಕ್ತಿ ಕಾರಿನ ತಂಡದಲ್ಲಿ ಕೆಲಸ ಮಾಡಿದ್ದರು. 2001ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಆ ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದುದು ಅಲ್ಲಿ ಅದರ ಜನಪ್ರಿಯತೆಗೆ ಒಂದು ಕಾರಣ.

ರೇವಾ ಎರಡು ಬಾಗಿಲಿನ ಪುಟ್ಟ ಕಾರು. ಇಬ್ಬರು ದೊಡ್ಡವರು ಮತ್ತು ಹಿಂದೆ ಇಬ್ಬರು ಮಕ್ಕಳು ಕೂರಬಹುದಾಗಿತ್ತು. ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಅಂದರೆ ಒಟ್ಟು 48 ವೋಲ್ಟ್. ಒಂದು ಸಲದ ಚಾರ್ಜಿಗೆ ಸುಮಾರು 80 ಕಿ.ಮೀ. ಪೂರ್ಣ ಚಾರ್ಜಿಗೆ ಸುಮಾರು ಎಂಟು ಗಂಟೆ. ಲಾರಿ ಬ್ಯಾಟರಿಗೆ ಮಾಡುವಂತೆ ಇದಕ್ಕೂ ಭಟ್ಟಿ ಇಳಿಸಿದ ನೀರನ್ನು ಆಗಾಗ ತುಂಬಿಸಬೇಕಿತ್ತು, ಕೆಲವು ವರ್ಷಗಳಿಗೊಮ್ಮೆ ಇಡೀ ಬ್ಯಾಟರಿ ಸಮೂಹವನ್ನೇ ಬದಲಾಯಿಸಬೇಕಿತ್ತು. ವಿದ್ಯುತ್ ಕಾರಿನ ಒಡೆಯರ ಮೊದಲ ತಲೆಮಾರು ಕಲಿತ ಪಾಠಗಳೆಲ್ಲ ಈ ಕಾರಿನಿಂದ ಬಂದವು. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದು, ಓಡುವ ದೂರ 120 ಕಿ.ಮೀ.ಗೆ ಏರಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ತಯಾರಾದ ಇ2ಒ 2013ರಲ್ಲಿ ಹೊರಬಂದಿತು.

2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹಣ ನೀತಿಯನ್ನು ಪ್ರಕಟಿಸಿ, ಇಂತಹ ನೀತಿ ತಂದ ದೇಶದ ಮೊದಲ ರಾಜ್ಯವಾಯಿತು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇ.ವಿ. ಮತ್ತು ಆ ನಂತರದ ಮಾದರಿಗಳಿಂದ ವಿದ್ಯುತ್ ಕಾರು ಸಾಮಾನ್ಯ ಕುಟುಂಬದ ಮೊದಲ ಕಾರಾಗುವ ಸಾಧ್ಯತೆ ಮೂಡಿತು. ಹಸಿರು ಹಲಗೆಯ ಮೇಲೆ ಬಿಳಿಯ ಅಕ್ಷರದ ನಂಬರ್ ಪ್ಲೇಟ್ ಖಾಸಗಿ ವಿದ್ಯುತ್ ಕಾರಿನ ಗುರುತು. ಅಕ್ಷರ ಹಳದಿಯಾಗಿದ್ದರೆ ಅದು ಬಾಡಿಗೆ ವಾಹನ.

ಮನೆಯ ವಿದ್ಯುತ್ ವ್ಯವಸ್ಥೆ

ಕಾರಿನೊಂದಿಗೆ ಬರುವ ಸಾಮಾನ್ಯ ಚಾರ್ಜರನ್ನು 15 ಅಥವಾ 16 ಆಂಪಿಯರಿನ ಮೂರು ಪಿನ್ ಸಾಕೆಟ್ಟಿಗೆ ಜೋಡಿಸಬಹುದು. ಅದು ಸುಮಾರು 3 ಕಿಲೋವ್ಯಾಟ್ ಶಕ್ತಿಯನ್ನು ಎಳೆಯುತ್ತದೆ. ಇಷ್ಟೇ ಶಕ್ತಿಯನ್ನು ಗೀಸರ್ ಕೂಡ ಎಳೆಯುವುದುಂಟು. ಆದರೆ ಗೀಸರ್ ಕಾಲು ಗಂಟೆಯಲ್ಲಿ ನಿಲ್ಲುತ್ತದೆ. 30 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಬರಿದಾದ ಸ್ಥಿತಿಯಿಂದ ತುಂಬಿಸಲು ಹತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಮನೆಯ ಬೇರಾವ ಉಪಕರಣವೂ ಇಷ್ಟು ದೀರ್ಘಕಾಲ ಇಷ್ಟು ವಿದ್ಯುತ್ತನ್ನು ಬಿಡುವಿಲ್ಲದೆ ಎಳೆಯುವುದಿಲ್ಲ. ಆದುದರಿಂದ ಇಪ್ಪತ್ತು ವರ್ಷ ಯಾವ ತೊಂದರೆಯನ್ನೂ ಕೊಡದ ಸಾಕೆಟ್ ಮೊದಲ ವಾರದಲ್ಲೇ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊರಡಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ತಂತಿಯ ರೋಧದಿಂದ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಸಡಿಲವಾದ ಸ್ಕ್ರೂ ಇರುವೆಡೆ ಆ ಶಾಖ ಶೇಖರವಾಗುತ್ತದೆ.

ಇದಕ್ಕೆ ಪರಿಹಾರ ಸರಳವಾದರೂ ಅನೇಕರು ಹಣ ಉಳಿಸಲು ಹೋಗಿ ತಪ್ಪಿಸುವಂಥದು. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ 4 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪನೆಯ ತಾಮ್ರದ ತಂತಿಯ ಪ್ರತ್ಯೇಕ ಲೈನ್ ಎಳೆಸಬೇಕು. ಅದಕ್ಕೇ ಮೀಸಲಾದ ಎಂ.ಸಿ.ಬಿ. ಮತ್ತು ಸೋರಿಕೆ ಕಂಡೊಡನೆ ವಿದ್ಯುತ್ ಕಡಿತಗೊಳಿಸುವ ಆರ್.ಸಿ.ಸಿ.ಬಿ. ಇರಬೇಕು. ಕಿಟಕಿಯಿಂದ ಹೊರಗೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕಾರನ್ನು ಚಾರ್ಜ್ ಮಾಡಲೇಬಾರದು.

ಹಳ್ಳಿಯ ಮನೆಗಳಲ್ಲಿ ಇನ್ನೂ ಹೆಚ್ಚಿನ ತೊಡಕು ಅರ್ತಿಂಗ್‌ನದು. ಫ್ಯಾನು, ದೀಪ, ಟಿ.ವಿ.ಗಳು ಅರ್ತಿಂಗ್ ಇಲ್ಲದೆಯೂ ನಡೆಯುವುದರಿಂದ ಅದು ಕೆಟ್ಟಿದೆಯೆಂಬುದು ವರ್ಷಗಟ್ಟಲೆ ಯಾರಿಗೂ ತಿಳಿದಿರುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಅರ್ತ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೆಲಸ ಮಾಡಲು ನಿರಾಕರಿಸುತ್ತದೆ. ಕಾರು ಕೆಟ್ಟಿತೆಂದು ಷೋರೂಮಿಗೆ ಬರುವ ಮೊದಮೊದಲ ದೂರುಗಳಲ್ಲಿ ಇದೂ ಒಂದು. ವಾಸ್ತವದಲ್ಲಿ ಕೆಟ್ಟಿರುವುದು ಹಿತ್ತಲಿನ ಗುಂಡಿ. ಉಪ್ಪು ಮತ್ತು ಇದ್ದಿಲು ತುಂಬಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ಏರುತ್ತದೆ. ಗರಸು ಮಣ್ಣಿರುವ ಕಡೆ ಇದು ಇನ್ನೂ ಬೇಗ. ಗುಂಡಿಗೆ ನೀರು ಹಾಕುವುದು ತಾತ್ಕಾಲಿಕ ಉಪಾಯ. ಹೊಸ ಅರ್ತಿಂಗ್ ಮಾಡಿಸಿ ಅಳತೆ ಮಾಡಿಸುವುದು ಶಾಶ್ವತ ಪರಿಹಾರ. ಅರ್ತ್ ಪಿನ್ನಿಗೂ ನ್ಯೂಟ್ರಲ್ಲಿಗೂ ತುಂಡು ತಂತಿ ಸೇರಿಸಿ ಚಾರ್ಜರಿನ ಕಣ್ಣಿಗೆ ಮಣ್ಣೆರಚುವ ಉಪಾಯವೊಂದು ಕೆಲವೆಡೆ ರೂಢಿಯಲ್ಲಿದೆ. ಇದು ಪ್ರಾಣಾಪಾಯಕರ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ ಕಾರಿನ ಇಡೀ ಲೋಹದ ಮೈಗೆ ವಿದ್ಯುತ್ ಹರಿಯುತ್ತದೆ, ಬಾಗಿಲು ಮುಟ್ಟಿದವರಿಗೆ ಆಘಾತವಾಗುತ್ತದೆ.

ಮೂರನೆಯದು ಮಂಜೂರಾದ ಲೋಡ್. ಹಳೆಯ ಮನೆಗಳ ಆರ್.ಆರ್. ನಂಬರಿಗೆ ಒಂದೆರಡು ಕಿಲೋವ್ಯಾಟ್ ಮಾತ್ರ ಮಂಜೂರಾಗಿರುವುದುಂಟು. ಕಾರು ಬರುವ ಮೊದಲೇ ಬೆಸ್ಕಾಂ ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ಲೇಸು. (ತುಮಕೂರು ಜಿಲ್ಲೆ ಬೆಸ್ಕಾಂ ವ್ಯಾಪ್ತಿಯದು, ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಯ ಹೊಣೆ ಹೊತ್ತ ಸಂಸ್ಥೆಯೂ ಅದೇ.) ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ವೇಗದ ಚಾರ್ಜರ್ ಬಯಸುವವರು ಊರಿನ ಟ್ರಾನ್ಸ್‌ಫಾರ್ಮರನ್ನೂ ಗಮನಿಸಬೇಕು. ಜನರು ಟಿ.ಸಿ. ಎಂದು ಕರೆಯುವ ಈ ಪೆಟ್ಟಿಗೆ 25 ಕೆ.ವಿ.ಎ. ಸಾಮರ್ಥ್ಯದ್ದಾದರೆ ಅಂತಹ ಒಂದು ಚಾರ್ಜರೇ ಅದರ ಕಾಲುಭಾಗಕ್ಕೂ ಹೆಚ್ಚನ್ನು ನುಂಗುತ್ತದೆ. ನೆರೆಮನೆಗಳ ದೀಪ ಮಂಕಾದರೆ ಜಗಳ ಕಾರಿನ ಮಾಲೀಕರ ಮನೆ ಬಾಗಿಲಿಗೇ ಬರುತ್ತದೆ.

ತೋಟದ ಮನೆಗಳ ಸ್ಥಿತಿ ಮತ್ತೂ ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್‌ಗಳನ್ನು ಬೇರ್ಪಡಿಸಲಾಗಿದೆ. ಊರೊಳಗಿನ ಮನೆಗೆ ದಿನವಿಡೀ ವಿದ್ಯುತ್ ಇದ್ದರೂ ಪಂಪ್‌ಸೆಟ್ ಲೈನಿನ ಮೇಲಿರುವ ಮನೆಗೆ ಮೂರು ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆಯ ಮಟ್ಟಿಗೆ ಸಿಗುತ್ತದೆ, ಅದೂ ಕೆಲವೊಮ್ಮೆ ಪಾಳಿಯ ಪ್ರಕಾರ. ಎಲ್ಲ ಮೋಟಾರುಗಳೂ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಚಾರ್ಜರ್ ನಿಧಾನವಾಗುತ್ತದೆ ಅಥವಾ ನಿಂತುಬಿಡುತ್ತದೆ. ನೀರಾವರಿ ಪಂಪ್‌ಸೆಟ್ಟಿಗೆಂದು ಸರ್ಕಾರ ಉಚಿತವಾಗಿ ಕೊಡುವ ವಿದ್ಯುತ್ತಿನಿಂದ ಕಾರನ್ನು ಚಾರ್ಜ್ ಮಾಡುವುದು ಆ ಸಂಪರ್ಕದ ಉದ್ದೇಶಕ್ಕೆ ವಿರುದ್ಧ. ಪತ್ತೆಯಾದರೆ ದಂಡ ತೆರಬೇಕಾಗುತ್ತದೆ. ಮನೆಯ ಯು.ಪಿ.ಎಸ್.ನಿಂದ ಚಾರ್ಜ್ ಮಾಡಲು ಆಗದು. ಅದರ ಬ್ಯಾಟರಿ ಒಂದೆರಡು ಯೂನಿಟ್ ಹಿಡಿದರೆ ಹೆಚ್ಚು.

ವಿದ್ಯುತ್ ಬಿಲ್ಲು ಮತ್ತು ಗೃಹಜ್ಯೋತಿ

ಮಧ್ಯಮ ಗಾತ್ರದ ಕಾರು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಚಾರ್ಜ್ ಮಾಡುವಾಗ ನೂರಕ್ಕೆ ಹತ್ತರಷ್ಟು ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿಕೊಳ್ಳಬೇಕು. ತಿಂಗಳಿಗೆ 600 ಕಿ.ಮೀ. ಓಡಿಸುವವರ ಮೀಟರಿನಲ್ಲಿ ಸುಮಾರು 95 ಯೂನಿಟ್, 1,000 ಕಿ.ಮೀ. ಓಡಿಸುವವರಲ್ಲಿ ಸುಮಾರು 160 ಯೂನಿಟ್ ಹೆಚ್ಚುತ್ತದೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಒಂದು ಮಿತಿಯವರೆಗೆ ವಿದ್ಯುತ್ ಉಚಿತ. ಮಿತಿ ಮೀರಿದರೂ 200 ಯೂನಿಟ್‌ಗಳ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಕಟ್ಟಬೇಕು. ಮನೆಗೆ 60 ಯೂನಿಟ್ ಬಳಸುವ ಕುಟುಂಬವನ್ನು ತೆಗೆದುಕೊಳ್ಳೋಣ. ಕಾರು 600 ಕಿ.ಮೀ. ಓಡಿದ ತಿಂಗಳು ಒಟ್ಟು ಬಳಕೆ 155. ಉಚಿತ ಭಾಗ ಉಳಿಯುತ್ತದೆ. 1,000 ಕಿ.ಮೀ. ಓಡಿದ ತಿಂಗಳು ಬಳಕೆ 220. ಉಚಿತ ಭಾಗವೂ ಕೈತಪ್ಪುತ್ತದೆ. ಷೋರೂಮಿನಲ್ಲಿ ಕಿಲೋಮೀಟರಿಗೆ ಇಷ್ಟು ಪೈಸೆ ಎಂದು ಹೇಳುವ ಲೆಕ್ಕದಲ್ಲಿ ಇದು ಕಾಣಿಸದು. ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ದರವರ್ಗವಿದ್ದು, ಹೆಚ್ಚು ಓಡಿಸುವವರು ಬೇರೆ ಮೀಟರ್ ಹಾಕಿಸಿಕೊಳ್ಳುವುದು ಲಾಭಕರವೇ ಎಂದು ಬೆಸ್ಕಾಂನಲ್ಲಿ ವಿಚಾರಿಸಬಹುದು.

ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿದವರಿಗೆ ಈ ಚಿಂತೆ ಕಡಿಮೆ. 3 ಕಿಲೋವ್ಯಾಟಿನ ಫಲಕಗಳು ಬಿಸಿಲಿನ ದಿನ ಸುಮಾರು 12 ಯೂನಿಟ್ ಕೊಡುತ್ತವೆ, ಅಂದರೆ 75 ಕಿ.ಮೀ. ಓಡಾಟಕ್ಕೆ ಸಾಕು. 2024ರ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಈ ಗಾತ್ರದ ಘಟಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ತೆಂಗಿನ ಮರಗಳ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ತೀವ್ರವಾಗಿ ಇಳಿಯುತ್ತದೆಂಬುದನ್ನು ಮರೆಯಬಾರದು.

ಓಡುವ ದೂರ

ಕಂಪನಿ ಪ್ರಕಟಿಸುವ ದೂರವು ಪರೀಕ್ಷಾಲಯದ ಅಂಕಿ. ಮೊದಲ ನೆಕ್ಸಾನ್ ಇ.ವಿ.ಯ ಬ್ಯಾಟರಿ 30.2 ಯೂನಿಟ್ಟಿನದು, ಪ್ರಮಾಣೀಕೃತ ದೂರ 312 ಕಿ.ಮೀ.; ರಸ್ತೆಯ ಮೇಲೆ ಸಿಗುತ್ತಿದ್ದುದು 200ರ ಆಸುಪಾಸು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಓಡಿಸಿದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಪೆಟ್ರೋಲ್ ಕಾರಿಗೆ ವಿರುದ್ಧವಾಗಿ ವಿದ್ಯುತ್ ಕಾರು ಊರೊಳಗೆ ಮಿತವ್ಯಯಿ, ಹೆದ್ದಾರಿಯಲ್ಲಿ ದುಂದುಗಾರ.

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರವನ್ನು ಉದಾಹರಣೆಯಾಗಿ ನೋಡಬಹುದು. ಬೆಂಗಳೂರು–ಅರಸೀಕೆರೆ ರೈಲುಮಾರ್ಗದ ನಿಲ್ದಾಣವೂ ಸಿಮೆಂಟ್ ಕಾರ್ಖಾನೆಯೂ ಇರುವ ಈ ಊರಿನಿಂದ ತುರುವೇಕೆರೆಗೋ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೋ ಹೋಗಿಬರುವುದು ಯಾವ ವಿದ್ಯುತ್ ಕಾರಿಗೂ ಕಷ್ಟವಲ್ಲ. ತುಮಕೂರಿಗೆ ಹೋಗಿಬರಲು ಸುಮಾರು 100 ಕಿ.ಮೀ., ಅದೂ ಸುಲಭ. ಬೆಂಗಳೂರು ಸುಮಾರು 120 ಕಿ.ಮೀ. ಹೋಗಿ ಅದೇ ದಿನ ಮರಳುವವರು 30 ಯೂನಿಟ್ಟಿನ ಕಾರಿನಲ್ಲಿ ನಡುವೆ ಒಮ್ಮೆ ಚಾರ್ಜ್ ಮಾಡಲೇಬೇಕು. ಸಿ.ಸಿ.ಎಸ್.2 ಮಾದರಿಯ ವೇಗದ ಚಾರ್ಜರಿನಲ್ಲಿ ಶೇ. 10ರಿಂದ 80ಕ್ಕೆ ಸುಮಾರು ಒಂದು ಗಂಟೆ. 80ರ ನಂತರ ಬ್ಯಾಟರಿಯ ಸುರಕ್ಷತೆಗಾಗಿ ವೇಗ ಕುಗ್ಗುತ್ತದೆ. ಕೊನೆಯ ಇಪ್ಪತ್ತಕ್ಕಾಗಿ ಕಾಯುವುದು ಸಮಯದ ವ್ಯರ್ಥ, ಹಿಂದೆ ನಿಂತವರಿಗೂ ತೊಂದರೆ. ಹೆದ್ದಾರಿಯ ಚಾರ್ಜರುಗಳು ಕೆಟ್ಟು ನಿಂತಿರುವುದು, ಒಂದೊಂದು ಕಂಪನಿಗೂ ಒಂದೊಂದು ಆ್ಯಪ್ ಮತ್ತು ಮುಂಗಡ ಹಣ ಬೇಕಾಗಿರುವುದು ಇಂದಿನ ದೊಡ್ಡ ಕಿರಿಕಿರಿ. ಆದುದರಿಂದ ಯಾವಾಗಲೂ ಮುಂದಿನ ಚಾರ್ಜರಿನವರೆಗಲ್ಲ, ಅದರಾಚೆಯ ಇನ್ನೊಂದು ಚಾರ್ಜರಿನವರೆಗೆ ಸಾಕಾಗುವಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕು.

ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯದ ಯಾತ್ರೆಗಳಲ್ಲಿ ಘಟ್ಟದ ಲೆಕ್ಕ ಬರುತ್ತದೆ. ಪ್ರಯಾಣಿಕರೂ ಸೇರಿ 1,500 ಕೆ.ಜಿ. ತೂಗುವ ಕಾರು 800 ಮೀಟರ್ ಎತ್ತರ ಏರಲು, ದೂರದ ಖರ್ಚಲ್ಲದೆ, 3.3 ಯೂನಿಟ್ ಹೆಚ್ಚುವರಿಯಾಗಿ ಬೇಕು. ಅದು ಸಮತಟ್ಟಾದ ರಸ್ತೆಯ 20 ಕಿ.ಮೀ.ಗಿಂತ ಹೆಚ್ಚಿನ ಓಟಕ್ಕೆ ಸಮ. ಇಳಿಯುವಾಗ ಮೋಟಾರೇ ಜನರೇಟರಿನಂತೆ ವರ್ತಿಸಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಮನೆಯಿಂದ ಹೊರಟಾಗಿನ ಅಂದಾಜನ್ನು ನಂಬಿ, ಮರಳಿ ಘಟ್ಟ ಹತ್ತುವ ಮೊದಲು ಚಾರ್ಜ್ ಮಾಡದೆ ಹೊರಟವರು ಪೇಚಿಗೆ ಸಿಲುಕುತ್ತಾರೆ.

ಬ್ಯಾಟರಿಯ ಆರೈಕೆ

ಕಾರಿನ ಬೆಲೆಯ ಬಹುದೊಡ್ಡ ಪಾಲು ಬ್ಯಾಟರಿಯದು. ಅದು ಒಮ್ಮೆಲೇ ಸಾಯುವುದಿಲ್ಲ, ವರ್ಷ ಕಳೆದಂತೆ ಹಿಡಿಯುವ ಪ್ರಮಾಣ ಕುಗ್ಗುತ್ತದೆ. ಎಂಟು ವರ್ಷ ಅಥವಾ 1,60,000 ಕಿ.ಮೀ. ಖಾತರಿ ಸಾಮಾನ್ಯ. ಬ್ಯಾಟರಿಯ ಶತ್ರು ಶಾಖ, ಅದರಲ್ಲೂ ತುಂಬಿದ ಬ್ಯಾಟರಿಯ ಮೇಲಿನ ಶಾಖ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಶೇ. 100 ಚಾರ್ಜ್ ಮಾಡಿದ ಕಾರನ್ನು ದಿನಗಟ್ಟಲೆ ನಿಲ್ಲಿಸಬಾರದು. ದಿನಬಳಕೆಗೆ ಶೇ. 20ರಿಂದ 80ರ ನಡುವೆ ಇಟ್ಟುಕೊಳ್ಳುವುದು ವಾಡಿಕೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯುಳ್ಳ ಕಾರುಗಳಲ್ಲಿ ಮಾತ್ರ ಆಗಾಗ ಪೂರ್ಣ ಚಾರ್ಜ್ ಮಾಡಬೇಕೆಂದು ತಯಾರಕರು ಸೂಚಿಸುವುದುಂಟು. ಇಲ್ಲವಾದರೆ ಉಳಿದ ಶಕ್ತಿಯ ಅಂದಾಜು ತಪ್ಪುತ್ತದೆ. ಕಾರಿನ ಕೈಪಿಡಿಯ ಮಾತೇ ಇಲ್ಲಿ ಅಂತಿಮ.

ಎಲ್ಲ ವಿದ್ಯುತ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದಿದೆ. ಬೀಗ, ದೀಪ, ಗಣಕ ವ್ಯವಸ್ಥೆ ಇದರ ಆಶ್ರಯದಲ್ಲಿವೆ. ಇದು ಸೋತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. "ಹೊಸ ಕಾರು ಬೆಳಗ್ಗೆ ಸತ್ತಂತೆ ಬಿದ್ದಿತ್ತು" ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ, ಇದನ್ನು ಬದಲಿಸಲು ತಗಲುವುದು ಸಾಮಾನ್ಯ ಕಾರಿನ ಬ್ಯಾಟರಿಯ ಖರ್ಚಷ್ಟೆ.

ತೋಟ, ಮಳೆ, ಪ್ರಾಣಿಗಳು

ನೆರಳಿಗೆಂದು ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸುವುದು ಯಾವ ಕಾರಿಗೂ ಒಳ್ಳೆಯದಲ್ಲ. ಬಲಿತ ಕಾಯಿ, ಒಣಗಿದ ಗರಿ ಬಿದ್ದು ಗಾಜು ಒಡೆಯುವುದು ಈ ಸೀಮೆಯಲ್ಲಿ ಹೊಸದಲ್ಲ. ಚಾರ್ಜರ್ ಜೋಡಿಸಿದ ಕಾರಿಗೆ ಅಪಾಯ ಇನ್ನೂ ಹೆಚ್ಚು. ತಗಡಿನ ಷೆಡ್ಡು ನೆರಳು, ಮಳೆ, ಕಾಯಿ ಮೂರಕ್ಕೂ ಉತ್ತರ.

ಇಲಿ, ಹೆಗ್ಗಣ, ಅಳಿಲುಗಳು ತಂತಿ ಕಡಿಯುತ್ತವೆ. ಕಾಯಿ, ಕೊಬ್ಬರಿ ಶೇಖರಿಸಿದ ಅಟ್ಟದ ಪಕ್ಕ ನಿಲ್ಲುವ ಕಾರು ಅವಕ್ಕೆ ಸಹಜ ಬೀಡು. ಕಿತ್ತಳೆ ಬಣ್ಣದ ಹೊದಿಕೆಯ ತಂತಿಗಳು ಅಧಿಕ ವೋಲ್ಟೇಜಿನವು. ಅವುಗಳಲ್ಲಿ ಹಲ್ಲಿನ ಗುರುತು ಕಂಡರೆ ಮಾಲೀಕರಾಗಲಿ ಊರಿನ ಮೆಕ್ಯಾನಿಕ್ ಆಗಲಿ ಕೈಹಾಕದೆ ಕಂಪನಿಯ ತರಬೇತಿ ಪಡೆದವರನ್ನೇ ಕರೆಯಬೇಕು.

ಬ್ಯಾಟರಿ ಪೆಟ್ಟಿಗೆ ಐ.ಪಿ.67 ದರ್ಜೆಯದಾದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು ಎಂದರ್ಥ. ಮಳೆಯಲ್ಲಿ ಓಡಿಸುವುದಕ್ಕೆ ಹೆದರಬೇಕಿಲ್ಲ. ಕೋಡಿ ಬಿದ್ದ ಕೆರೆಯ ಏರಿಯ ಮೇಲೆ ಹರಿಯುವ ನೀರಿಗೆ ಇಳಿಸಲು ಇದು ಪರವಾನಗಿಯೂ ಅಲ್ಲ. ಕಾರು ಸದ್ದಿಲ್ಲದೆ ಬರುವುದರಿಂದ ಹಳ್ಳಿಯ ರಸ್ತೆಯಲ್ಲಿ ದನಕರು ಮತ್ತು ವೃದ್ಧರು ಗಮನಿಸದೆ ಅಡ್ಡ ಬರುವ ಸಂಭವ ಹೆಚ್ಚು.

ದುರಸ್ತಿ

ಎಂಜಿನ್ ಆಯಿಲ್, ಕ್ಲಚ್, ಸೈಲೆನ್ಸರ್‌ಗಳು ಇಲ್ಲದುದರಿಂದ ಕಾಲಕಾಲದ ಸರ್ವಿಸ್ ಖರ್ಚು ಕಡಿಮೆ. ಟೈರು, ಸಸ್ಪೆನ್ಷನ್, ಗಾಜು ಮುಂತಾದವನ್ನು ತಿಪಟೂರು, ತುರುವೇಕೆರೆಯಂತಹ ಊರುಗಳ ಗ್ಯಾರೇಜುಗಳೇ ನೋಡಿಕೊಳ್ಳಬಲ್ಲವು. ಕಾರಿನ ತೂಕ ಹೆಚ್ಚಿರುವುದರಿಂದ ಟೈರು ಬೇಗ ಸವೆಯುತ್ತದೆ. ಬ್ರೇಕ್ ಕಡಿಮೆ ಬಳಕೆಯಾಗುವುದರಿಂದ ಅದರ ಪ್ಯಾಡುಗಳು ಬಹುಕಾಲ ಬರುತ್ತವೆ. ಮೋಟಾರು, ಬ್ಯಾಟರಿ, ಚಾರ್ಜಿಂಗ್ ಭಾಗಗಳು ಕೆಟ್ಟರೆ ಅಧಿಕೃತ ಕೇಂದ್ರಕ್ಕೇ ಹೋಗಬೇಕು, ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದೀತು. ಎರಡನೇ ವಾಹನವಿಲ್ಲದ ಮನೆಗೆ ಈ ಕಾಯುವಿಕೆ ದುರಸ್ತಿಯ ಬಿಲ್ಲಿಗಿಂತ ಭಾರ.

ದಾರಿಯಲ್ಲಿ ನಿಂತ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬಾರದು. ಚಾಲಕ ಚಕ್ರಗಳು ನೆಲದ ಮೇಲೆ ತಿರುಗಿದರೆ ಮೋಟಾರು ವಿದ್ಯುತ್ ಉತ್ಪಾದಿಸಿ ಒಳಗಿನ ಭಾಗಗಳು ಹಾಳಾಗಬಹುದು. ನಾಲ್ಕೂ ಚಕ್ರಗಳನ್ನು ಮೇಲೇರಿಸುವ ಚಪ್ಪಟೆ ಲಾರಿಯಲ್ಲೇ ಸಾಗಿಸಬೇಕು. ಬ್ಯಾಟರಿಯಿಂದ ಹೊಗೆ ಬಂದರೆ ಕೂಡಲೇ ಇಳಿದು ದೂರ ಸರಿದು ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಆರಿದಂತೆ ಕಂಡ ಬೆಂಕಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು.

ತೆರಿಗೆ ಮತ್ತು ವಿಮೆ

2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಕರ್ನಾಟಕವು 2016ರಲ್ಲಿ ರಸ್ತೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಕಾರುಗಳಿಗೆ ಶೇ. 10 ಆಜೀವ ತೆರಿಗೆ ವಿಧಿಸಿತು. ಈ ನಿಯಮಗಳು ಬದಲಾಗುತ್ತಿರುವುದರಿಂದ ಖರೀದಿಯ ದಿನದ ದರವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಮೂರನೇ ವ್ಯಕ್ತಿಯ ವಿಮೆಯ ಕಂತಿನಲ್ಲಿ 2022ರಿಂದ ಶೇ. 15 ರಿಯಾಯಿತಿ ಇದೆ. ವಿಮೆಯ ಪತ್ರದಲ್ಲಿ ಬ್ಯಾಟರಿಗೂ ಚಾರ್ಜರಿಗೂ ರಕ್ಷಣೆ ಇದೆಯೇ ಎಂಬುದನ್ನು ಓದಿ ನೋಡುವುದು ಅಗತ್ಯ.

ಹಳೆಯ ಕಾರು

ಬಳಸಿದ ವಿದ್ಯುತ್ ಕಾರನ್ನು ಕೊಳ್ಳುವವರು ಮೀಟರಿನ ಕಿಲೋಮೀಟರಿಗಿಂತ ಬ್ಯಾಟರಿಯ ಆರೋಗ್ಯ ವರದಿಯನ್ನು ಅಧಿಕೃತ ಕೇಂದ್ರದಿಂದ ಪಡೆಯಬೇಕು, ಖಾತರಿ ಎರಡನೇ ಮಾಲೀಕರಿಗೂ ಮುಂದುವರಿಯುವುದೇ ಎಂದು ಬರಹದಲ್ಲಿ ಕೇಳಬೇಕು. ಪೂರ್ಣ ಚಾರ್ಜ್ ಮಾಡಿಸಿ ಪರಿಚಿತ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಓಡಿಸಿ, ಎಷ್ಟು ಶೇಕಡ ಇಳಿಯಿತೆಂದು ನೋಡುವುದು ಯಾರೂ ಮಾಡಬಹುದಾದ ಪರೀಕ್ಷೆ. ಕಾರಿಗೆ ಸಾಲದಾದ ಬ್ಯಾಟರಿ ಮನೆಯ ಅಥವಾ ಸೌರಘಟಕದ ಶಕ್ತಿ ಸಂಗ್ರಹಕ್ಕೆ ಇನ್ನೂ ಉಪಯೋಗಕ್ಕೆ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆ ತಯಾರಕರದು. ಗುಜರಿಯವರಿಗೆ ಬಿಡಿಬಿಡಿಯಾಗಿ ಮಾರುವುದು ನಿಯಮಬಾಹಿರ. ಕೋಶಗಳನ್ನು ಬಿಚ್ಚುವಾಗ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.